ಚುಚ್ಚುಶಾಸ್ತ್ರ ಪ್ರವೇಶಿಕೆ

ಯಾವುದೇ ಶಾಸ್ತ್ರಕ್ಕೆ ಕೈಹಾಕುವ ಮುನ್ನ ನಾಲ್ಕು ಸಂಗತಿಗಳನ್ನು ತೀರ್ಮಾನಿಸಿಕೊಳ್ಳಬೇಕೆಂದು ಹಿರಿಯರು ಕಟ್ಟಳೆ ಮಾಡಿದ್ದಾರೆ: ವಿಷಯ, ಅಧಿಕಾರಿ, ಸಂಬಂಧ, ಪ್ರಯೋಜನ. ಇದಕ್ಕೆ ಅನುಬಂಧ ಚತುಷ್ಟಯವೆಂದು ಹೆಸರು. ಉಣ್ಣೆಯ ಉಂಡೆಯನ್ನು ಸೂಜಿಯಿಂದ ಚುಚ್ಚಿ ಚುಚ್ಚಿ ಬೆಕ್ಕು, ಮೊಲ, ಗೂಬೆ ಮೊದಲಾದ ಜೀವಿಗಳನ್ನು ಮಾಡುವ ಕಲೆಗೆ ನಮ್ಮ ಮನೆಯ ಕಪಾಟಿನಲ್ಲಿ ಒಂದೂ ಲಕ್ಷಣಗ್ರಂಥ ಸಿಗಲಿಲ್ಲ. ಆದ್ದರಿಂದ ಮೂರು ತಿಂಗಳಿನಿಂದ ಒಂದೇ ಬೆಕ್ಕನ್ನು ಚುಚ್ಚುತ್ತ ಕುಳಿತಿರುವ ನಾವೇ ಆ ಕೊರತೆಯನ್ನು ನೀಗಿಸಲು ಟೊಂಕಕಟ್ಟಿದ್ದೇವೆ.

1. ವಿಷಯ

ಸೂತ್ರ: ಚುಚ್ಚಿದಷ್ಟೂ ಬಿಗಿ, ಬಿಗಿದದ್ದು ಬಿಡದು.

ಭಾಷ್ಯ: ಕುರಿಯ ಉಣ್ಣೆಯ ಎಳೆ ಬರಿಗಣ್ಣಿಗೆ ನುಣುಪು. ಸೂಕ್ಷ್ಮದರ್ಶಕದಡಿ ನೋಡಿದರೆ ಮೈತುಂಬ ಹೆಂಚು ಹೊದೆಸಿದಂತೆ ಒಂದರ ಮೇಲೊಂದು ಪೊರೆ. ಎಳೆಗೆ ಎಳೆ ಉಜ್ಜಿದಾಗ ಈ ಪೊರೆಗಳು ಮುಂದಕ್ಕೆ ಹೋಗಲು ಬಿಡುತ್ತವೆ, ಹಿಂದಕ್ಕೆ ಬರಲು ಬಿಡುವುದಿಲ್ಲ. ಜಂಬೂಸವಾರಿಯ ನೂಕುನುಗ್ಗಲಲ್ಲಿ ಸಿಕ್ಕಿಕೊಂಡವರಿಗೆ ಈ ತತ್ತ್ವವನ್ನು ಬಿಡಿಸಿ ಹೇಳಬೇಕಾಗಿಲ್ಲ. ಬಿಸಿನೀರು, ಸೋಪು, ತಿಕ್ಕಾಟ ಮೂರೂ ಕೂಡಿದರೆ ಉಣ್ಣೆ ಗಟ್ಟಿ ಹಾಳೆಯಾಗುತ್ತದೆ, ಅದೇ ಫೆಲ್ಟ್. ಉಣ್ಣೆ ಸ್ವೆಟರನ್ನು ವಾಷಿಂಗ್ ಮಷೀನಿನ ಬಿಸಿನೀರಿಗೆ ಹಾಕಿ, ಯಜಮಾನರ ಅಳತೆಯಿಂದ ಮೊಮ್ಮಗನ ಅಳತೆಗೆ ಇಳಿಸಿದವರೆಲ್ಲರೂ ತಮಗೇ ಗೊತ್ತಿಲ್ಲದ ಹಾಗೆ ಈ ಶಾಸ್ತ್ರದ ಪೂರ್ವಾಚಾರ್ಯರು.

ಸೂಜಿಮಾರ್ಗದಲ್ಲಿ ನೀರೂ ಇಲ್ಲ, ಸೋಪೂ ಇಲ್ಲ. ಈ ಸೂಜಿಗೆ ದಾರ ಪೋಣಿಸುವ ಕಣ್ಣಿಲ್ಲ. ಅಂಚುಗಳಲ್ಲಿ ಸಣ್ಣ ಕಚ್ಚುಗಳಿವೆ. ಒಳಗೆ ಹೋಗುವಾಗ ಅವು ಮೇಲಿನ ಎಳೆಗಳನ್ನು ಎಳೆದುಕೊಂಡು ಹೋಗಿ, ಅಲ್ಲೇ ಬಿಟ್ಟು, ಬರುವಾಗ ಖಾಲಿ ಕೈಯಲ್ಲಿ ಬರುತ್ತವೆ, ಬೇಸಿಗೆ ರಜೆಗೆ ಮಕ್ಕಳನ್ನು ಅಜ್ಜಿಮನೆಯಲ್ಲಿ ಬಿಟ್ಟುಬರುವ ಅಪ್ಪನಂತೆ. ಸೂಜಿಗಳಿಗೆ ನಂಬರುಗಳಿವೆ: 36 ದಪ್ಪ, 38 ಮಧ್ಯಮ, 40 ಸಣ್ಣ. ನಂಬರು ಏರಿದಷ್ಟೂ ಸೂಜಿ ತೆಳ್ಳಗಾಗುತ್ತದೆ. ಸಂಬಳ ಏರಿದಷ್ಟೂ ತಿಂಗಳ ಕೊನೆ ತೆಳ್ಳಗಾಗುವುದನ್ನು ಕಂಡವರಿಗೆ ಇದೇನೂ ವಿಚಿತ್ರವಲ್ಲ.

ಇನ್ನು ಪ್ರಾಚೀನತೆ. ಅದು ಸಿದ್ಧವಾಗದೆ ಯಾವ ಶಾಸ್ತ್ರಕ್ಕೂ ಮರ್ಯಾದೆಯಿಲ್ಲ. ಸೈಬೀರಿಯದ ಅಲ್ತಾಯ್ ಬೆಟ್ಟಗಳ ಪಜಿರಿಕ್ ಎಂಬಲ್ಲಿ ಸೆರ್ಗೆಯ್ ರುಡೆಂಕೊ 1949ರಲ್ಲಿ ಅಗೆದ, ಹಿಮಗಟ್ಟಿದ ಸಮಾಧಿಯೊಂದರಲ್ಲಿ ಫೆಲ್ಟಿನ ಹಂಸಗಳು ಸಿಕ್ಕವು. ಎರಡು ಸಾವಿರ ವರ್ಷಕ್ಕೂ ಹಿಂದಿನ ಆ ಹಂಸಗಳು ಸೇಂಟ್ ಪೀಟರ್ಸ್‌ಬರ್ಗಿನ ಹರ್ಮಿಟೇಜ್ ಮ್ಯೂಸಿಯಮ್ಮಿನಲ್ಲಿವೆ. ಅವು ಹೊಲಿದು ಒಳಗೆ ತುಂಬಿದ ಹಂಸಗಳು, ಚುಚ್ಚಿ ಮಾಡಿದವಲ್ಲ ಎಂಬ ಆಕ್ಷೇಪ ಬಂದಾಗ ನಮಗೆ ಸ್ವಲ್ಪ ಕಿವಿ ಮಂದವಾಗುತ್ತದೆ.

‘ಸೈಬೀರಿಯ ಏಕೆ? ನಮ್ಮ ಕಂಬಳಿಯಿಲ್ಲವೆ?’ ಎಂಬುದು ಸ್ವದೇಶಾಭಿಮಾನಿಗಳ ಪೂರ್ವಪಕ್ಷ. ಸಿದ್ಧಾಂತ ಹೀಗಿದೆ: ಕುರುಬರ ಕಂಬಳಿ ಉಣ್ಣೆಯನ್ನು ನೂತು, ಮಗ್ಗದಲ್ಲಿ ನೇಯ್ದು, ಹುಣಸೆಬೀಜದ ಗಂಜಿ ಉಣಿಸಿದ್ದು. ಫೆಲ್ಟಿನಲ್ಲಿ ನೂಲೂ ಇಲ್ಲ, ಹಾಸುಹೊಕ್ಕೂ ಇಲ್ಲ. ಇಬ್ಬರೂ ಒಂದೇ ಕುರಿಯ ಮನೆತನದ ದಾಯಾದಿಗಳೇ ಹೊರತು ಒಡಹುಟ್ಟಿದವರಲ್ಲ. ಈ ದೇಶದಲ್ಲೇ ಫೆಲ್ಟಿನ ಖಾಸಾ ನೆಂಟಸ್ತಿಕೆ ಬೇಕೆಂದರೆ ಕಾಶ್ಮೀರದ ನಮ್ದಾ ಹಾಸನ್ನು ಹುಡುಕಿಕೊಂಡು ಹೋಗಬೇಕು.

ಕಚ್ಚುಸೂಜಿ ಹುಟ್ಟಿದ್ದು ಕಾರ್ಖಾನೆಗೆಂದು. ಸಾವಿರಾರು ಸೂಜಿಗಳನ್ನು ನೆಟ್ಟ ಹಲಗೆ ಮೇಲಿಂದ ಕೆಳಗೆ ಬಡಿಯುತ್ತ ಮಾರುಗಟ್ಟಲೆ ಫೆಲ್ಟ್ ತಯಾರಿಸುತ್ತದೆ. 1980ರ ದಶಕದಲ್ಲಿ ಅಮೆರಿಕದ ಕೆಲವರು ಆ ಸೂಜಿಯನ್ನು ಯಂತ್ರದಿಂದ ಕೈಗೆ ತಂದರು. ಯಂತ್ರ ಒಂದೇ ಏಟಿಗೆ ಮುಗಿಸುವುದನ್ನು ಮನುಷ್ಯ ಬೆವರು ಒರೆಸಿಕೊಂಡು ಒಂದೊಂದೇ ಚುಚ್ಚಾಗಿ ಮಾಡಲು ಕುಳಿತ. ಇದಕ್ಕೇ ಹವ್ಯಾಸವೆಂದು ಹೆಸರು.

2. ಅಧಿಕಾರಿ

ಸೂತ್ರ: ಸೂಜಿಯ ಮೇಲೆ ಕಣ್ಣಿಲ್ಲದವನಿಗೆ ಅಧಿಕಾರವಿಲ್ಲ.

ಭಾಷ್ಯ: ಕೊನೆಯ ಓವರ್ ನೋಡುತ್ತ ಚುಚ್ಚಬಾರದು. ಈ ವಿಧಿಗೆ ನಮ್ಮ ಎಡಗೈಯ ಹೆಬ್ಬೆರಳೇ ಪ್ರಮಾಣ. ಕಚ್ಚುಳ್ಳ ಸೂಜಿ ಬೆರಳಿಗೂ ಉಣ್ಣೆಗೂ ವ್ಯತ್ಯಾಸ ಎಣಿಸುವುದಿಲ್ಲ. ಸಮದರ್ಶಿತ್ವದಲ್ಲಿ ಅದು ಸಾಧುಸಂತರ ಪಂಕ್ತಿಗೆ ಸೇರಿದ್ದು. ಬೆರಳಿಗೆ ಚರ್ಮದ ಟೋಪಿ, ಕೆಳಗೆ ದಪ್ಪ ಸ್ಪಂಜಿನ ಹಾಸು ಇರಲೇಬೇಕು. ಸೂಜಿ ನೆಟ್ಟಗೆ ಹೋಗಿ ನೆಟ್ಟಗೆ ಬರಬೇಕು. ಅಡ್ಡ ಮೀಟಿದರೆ ಲಟಕ್ಕನೆ ಮುರಿದು ತುದಿ ಬೆಕ್ಕಿನ ಹೊಟ್ಟೆಯಲ್ಲೇ ಉಳಿಯುತ್ತದೆ. ಆದ್ದರಿಂದ ಪುಟ್ಟ ಮಕ್ಕಳು, ಅವಸರದವರು, ಆಫೀಸಿನ ಸಿಟ್ಟನ್ನು ಮನೆಗೆ ತರುವವರು ಈ ಮೂವರೂ ಅನಧಿಕಾರಿಗಳು. ಮೂರನೆಯವರು ಮಾಡಿದ ಮೊಲ ಕ್ರಿಕೆಟ್ ಚೆಂಡಿನಷ್ಟು ಗಟ್ಟಿಯಾಗುತ್ತದೆ.

3. ಸಂಬಂಧ

ಸೂತ್ರ: ಸಂಕಲ್ಪಿಸಿದ್ದು ಒಂದು, ಸಂಭವಿಸಿದ್ದು ಇನ್ನೊಂದು.

ಭಾಷ್ಯ: ಮಾಡಹೊರಟ ಪ್ರಾಣಿಗೂ ಮಾಡಿಮುಗಿಸಿದ ಪ್ರಾಣಿಗೂ ಏನು ಸಂಬಂಧ? ಇದು ಈ ಶಾಸ್ತ್ರದ ಹೃದಯ. ಎರಡೂ ಒಂದೇ ಎನ್ನುವವರು ಅಭೇದವಾದಿಗಳು. ಇವರು ಸಾಮಾನ್ಯವಾಗಿ ಕಿಟ್ ಮಾರುವವರು. ಎರಡೂ ಬೇರೆ ಎನ್ನುವವರು ಭೇದವಾದಿಗಳು, ಇವರು ಮನೆಯವರು. ದೂರದಿಂದ, ಕನ್ನಡಕ ತೆಗೆದು ನೋಡಿದರೆ ಒಂದೇ, ಹತ್ತಿರ ಬಂದರೆ ಬೇರೆ ಎನ್ನುವ ಭೇದಾಭೇದವೇ ನಮ್ಮ ಮತ.

ಕಾರಣಗಳು ಉಣ್ಣೆಯಲ್ಲೇ ಇವೆ. ಒಂದೇ ಕಡೆ ಚುಚ್ಚಿದರೆ ಅಲ್ಲಿ ಗುಳಿ ಬೀಳುತ್ತದೆ; ಉಂಡೆಯನ್ನು ತಿರುಗಿಸುತ್ತ ಚುಚ್ಚಬೇಕು. ಕಿತ್ತಳೆಯಷ್ಟು ಉಣ್ಣೆ ನಿಂಬೆಹಣ್ಣಿನಷ್ಟಕ್ಕೆ ಇಳಿಯುತ್ತದೆ. ಕಿವಿಗಳನ್ನು ಬೇರೆಯಾಗಿ ಮಾಡಿ, ಬುಡದಲ್ಲಿ ಎಳೆಗಳನ್ನು ಸಡಿಲವಾಗಿ ಬಿಟ್ಟುಕೊಂಡು, ಆ ಎಳೆಗಳನ್ನೇ ತಲೆಗೆ ಚುಚ್ಚಿ ಕೂರಿಸಬೇಕು. ಒಂದು ಕಿವಿ ಮೇಲಾದರೆ ಇನ್ನೊಂದನ್ನು ಅದರ ಸಮಕ್ಕೆ ಏರಿಸಬೇಕು. ಏರಿಸಿದ್ದು ಹೆಚ್ಚಾದರೆ ಮೊದಲಿನದನ್ನು ಏರಿಸಬೇಕು. ನಮ್ಮ ಬೆಕ್ಕಿನ ಕಿವಿಗಳು ನೆತ್ತಿಯಲ್ಲಿ ಕೂಡಿಕೊಂಡ ಚರಿತ್ರೆ ಇದು. ಚುಚ್ಚಿದ್ದನ್ನು ಬಿಚ್ಚಲು ಬಾರದ ಕಾರಣ ತಪ್ಪಾದಾಗಲೆಲ್ಲ ಮೇಲೆ ಇನ್ನಷ್ಟು ಉಣ್ಣೆ ಹೊದೆಸುತ್ತೇವೆ. ಹೀಗಾಗಿ ಹೊಸಬರ ಪ್ರಾಣಿಗಳೆಲ್ಲ ದಪ್ಪ. ಪ್ರಾಣಿಯ ಹೊಟ್ಟೆ ಎಷ್ಟು ದೊಡ್ಡದೋ ಮಾಡಿದವನ ಪಶ್ಚಾತ್ತಾಪವೂ ಅಷ್ಟೇ ದೊಡ್ಡದು ಎಂದು ಊಹಿಸಿಕೊಳ್ಳಬಹುದು.

ಕೊನೆಗೆ ಕಣ್ಣು. ಕರಿಮಣಿಗಳೆರಡನ್ನು ಒಂದು ಗೋಧಿಕಾಳಿನಷ್ಟು ಆಚೀಚೆ ಇಟ್ಟರೆ ಮುಗ್ಧ ಮುಖ ಠಕ್ಕನ ಮುಖವಾಗುತ್ತದೆ. ಗಣೇಶನನ್ನು ಮಾಡಲು ಹೋಗಿ ಅವರಪ್ಪನನ್ನು ಮಾಡಿದ ಗಾದೆಯ ಶಿಲ್ಪಿಗೆ ಕಡೆಗೆ ಅದೇ ಕುಟುಂಬವಾದರೂ ದಕ್ಕಿತು. ನಮ್ಮ ಬೆಕ್ಕನ್ನು ಕಂಡು ಅಮ್ಮ, “ಗೂಬೆ ಲಕ್ಷಣವಾಗಿದೆ ಕಣೋ” ಎಂದಳು.

4. ಪ್ರಯೋಜನ

ಸೂತ್ರ: (ಇಲ್ಲಿ ಸೂತ್ರ ದೊರೆತಿಲ್ಲ.)

ಭಾಷ್ಯ: ಊರಿಂದ ಬಂದ ಚಿಕ್ಕಪ್ಪ ಬೆಕ್ಕನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದು, “ಇದರಿಂದ ಏನಪ್ಪಾ ಉಪಯೋಗ?” ಎಂದರು. ಮನಸ್ಸಿಗೆ ಏಕಾಗ್ರತೆ ಬರುತ್ತದೆ ಎಂದೆವು. “ಮತ್ತೆ ಬೆರಳಿಗೇಕೆ ಪಟ್ಟಿ?” ಎಂದರು. ಇದು ಕಲೆ, ಕಲೆಗೆ ಉಪಯೋಗ ಕೇಳಬಾರದು ಎಂದೆವು. “ಹೌದೌದು” ಎನ್ನುತ್ತ ಅದನ್ನು ಟಿವಿಯ ಮೇಲೆ ಕೂರಿಸಿದರು. ಗೋಡೆಗೆ ಅಂಟಿದ ಟಿವಿಯ ಮೇಲೆ ಜಾಗವೆಲ್ಲಿದೆ? ಬೆಕ್ಕು ಹಿಂದಕ್ಕೆ ಉರುಳಿ ಎರಡು ದಿನ ಕಾಣೆಯಾಯಿತು. ಹುಡುಕಿದವರು ನಾವೊಬ್ಬರೇ.

ಮೂರನೆಯ ದಿನ ಅದು ಅಮ್ಮನ ಹೊಲಿಗೆ ಡಬ್ಬಿಯಲ್ಲಿ ಪತ್ತೆಯಾಯಿತು. ಬೆನ್ನಲ್ಲಿ ಐದು ಸೂಜಿ, ಹೊಟ್ಟೆಯಲ್ಲಿ ಗುಂಡುಪಿನ್ನುಗಳ ಸಾಲು, ನೆತ್ತಿಯಲ್ಲಿ ಕೂಡಿದ ಆ ಎರಡು ಕಿವಿಗಳ ನಡುವೆ ಬ್ಲೌಸಿನ ಹುಕ್ಕು. ನಮ್ಮ ಮುಖ ನೋಡಿ ಅಮ್ಮ ಹೇಳಿದಳು: “ಉಣ್ಣೆಗೆ ಚುಚ್ಚಿಟ್ಟರೆ ಸೂಜಿಗೆ ತುಕ್ಕು ಹಿಡಿಯಲ್ಲ ಕಣೋ. ಚುಚ್ಚಿಸಿಕೊಂಡೇ ಹುಟ್ಟಿದ್ದು, ಇನ್ನು ನಾಲ್ಕು ಚುಚ್ಚಿದರೆ ಅದಕ್ಕೇನು? ಇನ್ನೊಂದು ಮಾಡಿಕೊಡು, ನಿಮ್ಮತ್ತೆಗೂ ಬೇಕಂತೆ.”

ಪ್ರಯೋಜನ ಸಿದ್ಧವಾಯಿತು. ನಾಲ್ಕು ಅನುಬಂಧಗಳೂ ಕೂಡಿ ಶಾಸ್ತ್ರ ಪೂರ್ಣವಾಯಿತು.

ಒಪ್ಪೋಲೆ: ಮೇಲೆ ‘ನಮ್ಮ ಬೆಕ್ಕು’ ಎಂದಿರುವಲ್ಲೆಲ್ಲ ‘ಅಮ್ಮನ ಗೂಬೆ’ ಎಂದು ತಿದ್ದಿಕೊಂಡು ಓದತಕ್ಕದ್ದು.