ಭಾವನ ಲಾರಿಯ ಕರೆಂಟು ಫ್ಯಾನು

ನಮ್ಮ ಭಾವನಿಗೆ ಸೆಕೆಯಾದರೆ ಹೆಗಲ ಮೇಲಿನ ಟವೆಲ್ಲೇ ಸಾಕು; ಲಾರಿಗೆ ಮಾತ್ರ ಕರೆಂಟು ಫ್ಯಾನೇ ಆಗಬೇಕು. ಬೆಲ್ಟಿನ ಹಳೇ ಫ್ಯಾನು ಇಂಜಿನ್ ತಿರುಗಿದಷ್ಟೂ ಹೊತ್ತು ಸುತ್ತುತ್ತದೆ, ಡೀಸೆಲ್ ನುಂಗುತ್ತದೆ ಎಂಬುದು ಅವರ ದೂರು. ಸುಳ್ಳೇನಲ್ಲ. ಸಕಲೇಶಪುರದ ಡಿಸೆಂಬರ್ ಮಂಜಿನಲ್ಲೂ ಅದು ಬೀಸುತ್ತಲೇ ಇರುತ್ತಿತ್ತು, ಕಂಬಳಿ ಹೊದ್ದವನಿಗೆ ಗಾಳಿ ಹಾಕಿದ ಹಾಗೆ.

ಗುಜರಿಯಿಂದ ಕಾರಿನ ಎರಡು ಫ್ಯಾನು ಬಂದವು. ಅವು 12 ವೋಲ್ಟಿನವು, ಲಾರಿಯದು 24. ಮೆಕ್ಯಾನಿಕ್ ಒಂದರ ಬಾಲಕ್ಕೆ ಇನ್ನೊಂದರ ಮೂತಿ ಸೇರಿಸಿ ಲೆಕ್ಕ ಸರಿಮಾಡಿದ. ರಿಲೇ, ಫ್ಯೂಸು, ನೀರು ಕಾದಾಗ ತಾನೇ ಆನ್ ಆಗುವ ಸ್ವಿಚ್ಚು, ಎಲ್ಲ ಬಂತು.

ಮಂಗಳೂರಿನಿಂದ ಹೆಂಚು ತುಂಬಿಕೊಂಡು ಶಿರಾಡಿ ಘಾಟಿ ಹತ್ತುವಾಗ ಲಾರಿಗಿಂತ ಜೋರಾಗಿ ಟೆಂಪರೇಚರ್ ಮುಳ್ಳು ಹತ್ತಿತು. ನಿಲ್ಲಿಸಿ ನೋಡಿದರೆ ಫ್ಯಾನುಗಳು ಭರ್ರೆಂದು ತಿರುಗುತ್ತಿವೆ. ಭಾವ ರೇಡಿಯೇಟರಿನ ಮುಚ್ಚಳಕ್ಕೇ ಕೈಹಾಕಿದರು. ನಾನು ಎಳೆದು ಕೂರಿಸಿದೆ, ಇಲ್ಲದಿದ್ದರೆ ಮುಖಕ್ಕೆ ಬಿಸಿನೀರಿನ ಅಭಿಷೇಕ. ಜಾಲರಿಯ ಮುಂದೆ ನಿಂತಾಗ ಗುಟ್ಟು ತಿಳಿಯಿತು: ಗಾಳಿ ಒಳಗೆ ಹೋಗುವ ಬದಲು ನಮ್ಮ ಮುಖಕ್ಕೇ ಬಡಿಯುತ್ತಿತ್ತು! ವೈರು ಅದಲುಬದಲಾಗಿ, ಇಂಜಿನ್ನಿನ ಬಿಸಿಯೆಲ್ಲ ರೇಡಿಯೇಟರಿಗೇ ವಾಪಸ್ಸು.

ವೈರು ಬದಲಿಸಿದ ಮೇಲೆ ಲಾರಿ ತಣ್ಣಗೆ ಘಾಟಿ ಹತ್ತಿತು. ಮೇಲೆ ಚಹಾಕ್ಕೆ ನಿಲ್ಲಿಸಿ ಕೀ ತೆಗೆದರೂ ಫ್ಯಾನು ನಿಲ್ಲಲಿಲ್ಲ.

"ಆಫ್ ಮಾಡೋದು ಮರೆತ್ರಾ ಸ್ವಾಮಿ?" ಅಂದ ಹೋಟೆಲಿನವನು.

"ಅದಕ್ಕೆ ಸ್ವಂತ ಬುದ್ಧಿ ಇದೆ ಕಣಯ್ಯ, ತಣ್ಣಗಾದ ಮೇಲೆ ತಾನೇ ನಿಲ್ಲುತ್ತೆ," ಭಾವ ಮೀಸೆ ತಿರುವಿದರು.

ಊರಿಗೆ ಬಂದು ಅಕ್ಕನಿಗೂ ಇದನ್ನೇ ಹೇಳಿದರು. ಅಡುಗೆಮನೆಗೆ ಒಂದು ಫ್ಯಾನು ಬೇಕೆಂದು ಅವಳು ಕೇಳುತ್ತಿರುವುದು ಮೂರು ವರ್ಷದಿಂದ.