ಮೇಲ್ಕಟ್ಟಿನ ಮಹಾಶಯ

ಅಮೆರಿಕದಲ್ಲಿ ಹಳೆಯ ಪಿಕಪ್ ಟ್ರಕ್ ಸಾಕಿಕೊಂಡವರಲ್ಲಿ ಒಂದು ಒಳಪಂಗಡವಿದೆ. ಅವರನ್ನು ಗುರುತಿಸುವುದು ಸುಲಭ: ಗಾಡಿಯ ಕಾಯಿಲೆಯೆಲ್ಲ ಕೆಳಗಿದ್ದರೆ ಇವರ ಚಿಕಿತ್ಸೆಯೆಲ್ಲ ಮೇಲೆ. ಗಾಡಿ ತೊಂಬತ್ತರ ದಶಕದ್ದು. ಎರಡನೇ ಗೇರಿನಿಂದ ಮೂರನೆಯದಕ್ಕೆ ಹೋಗುವಾಗ ಹೊಸಿಲು ದಾಟುವ ಮುದುಕರ ಹಾಗೆ ಒಂದು ಕ್ಷಣ ನಿಂತು, ನಿಟ್ಟುಸಿರಿಟ್ಟು, ಆಮೇಲೆ ಕಾಲೆತ್ತುತ್ತದೆ. ಚಳಿಗಾಲದಲ್ಲಿ ರಸ್ತೆಗೆ ಸುರಿಯುವ ಉಪ್ಪು ತಿಂದು ಬಾಗಿಲ ಕೆಳಗಿನ ತಗಡು ಹಪ್ಪಳದಂತೆ ಉಬ್ಬಿದೆ. ಡ್ಯಾಶ್‌ಬೋರ್ಡಿನಲ್ಲಿ ಎಂಜಿನ್ನಿನ ಹಳದಿ ದೀಪ ನಂದಾದೀಪವಾಗಿದೆ. ಇಷ್ಟಾಗಿಯೂ ನಮ್ಮ ಮಹಾಶಯ ಎರಡು ಶನಿವಾರ, ಎರಡು ಭಾನುವಾರ ಮತ್ತು ಒಂದು ಭುಜ ಸವೆಸುವುದು ತಲೆಯ ಮೇಲಿನ ಬಟ್ಟೆಗೆ. ಅಲ್ಲಿ ಅದಕ್ಕೆ ಹೆಡ್‌ಲೈನರ್ ಅನ್ನುತ್ತಾರೆ. ನಮ್ಮ ಚಪ್ಪರಗಳ ಒಳಗೆ ಕಟ್ಟುವ ಮೇಲ್ಕಟ್ಟು ಇದೆಯಲ್ಲ, ಅದರದೇ ತಮ್ಮ. ಇದನ್ನು ಶೋಕಿ ಎಂದು ನಗುವವರಿದ್ದಾರೆ, ಉಳಿತಾಯ ಎಂದು ಹೊಗಳುವವರೂ ಇದ್ದಾರೆ. ಎರಡೂ ಅಲ್ಲ ಎಂಬುದು ನನ್ನ ವಾದ. ಇದು ಗೇರ್‌ಬಾಕ್ಸಿನ ಕಣ್ಣು ತಪ್ಪಿಸುವ ಉಪಾಯ. ತಲೆ ತಗ್ಗಿಸಿ ತಪ್ಪಿಸಿಕೊಂಡರೆ ಜನ ಆಡಿಕೊಳ್ಳುತ್ತಾರೆ. ಈತ ತಲೆ ಎತ್ತಿಯೇ ತಪ್ಪಿಸಿಕೊಳ್ಳುತ್ತಾನೆ.

ಮೊದಲು ಬಟ್ಟೆಯ ಕಡೆಯ ನ್ಯಾಯ ನೋಡೋಣ. ಅದು ಬೀಳುವುದರಲ್ಲಿ ಮಹಾಶಯನ ತಪ್ಪೇನಿಲ್ಲ. ಹಿಂದಿನ ಪಿಕಪ್ ಹುಲ್ಲು, ಗೊಬ್ಬರ, ಕರು ಹೊರುವ ಗಾಡಿ. ಅಗ್ಗದ ಮಾದರಿಗಳಲ್ಲಿ ಸೂರು ಅಂದರೆ ಬಣ್ಣ ಬಳಿದ ಬರಿ ತಗಡು, ತುಸು ಮೇಲಿನವಕ್ಕೆ ಗಟ್ಟಿ ರಟ್ಟು. ಜೋಲುವುದಕ್ಕೆ ಅಲ್ಲಿ ಏನೂ ಇರಲಿಲ್ಲ. ಆಮೇಲೆ ಗಾಡಿಯ ಅಂತಸ್ತು ಏರಿತು. ಫೋರ್ಡಿನ ಎಫ್ ಸರಣಿ 1977ರಿಂದ ಆ ದೇಶದಲ್ಲಿ ಅತಿ ಹೆಚ್ಚು ಮಾರಾಟವಾಗುವ ಪಿಕಪ್. ಅಷ್ಟೊಂದು ಜನ ಕೊಂಡಮೇಲೆ ಅದು ಹೊಲಕ್ಕಷ್ಟೇ ಹೋದೀತೆ? ಕಚೇರಿಗೂ ಚರ್ಚಿಗೂ ಹೊರಟ ಗಾಡಿಗೆ ಒಳಗೆ ಮೆತ್ತನೆಯದು ಬೇಕಾಯಿತು. ಅಚ್ಚಿನಲ್ಲಿ ಒತ್ತಿದ ರಟ್ಟು, ಅದಕ್ಕೆ ಸುಮಾರು 3 ಮಿಲಿಮೀಟರ್ ಫೋಮ್, ಫೋಮಿಗೆ ಅಂಟಿದ ಹೆಣಿಗೆಯ ಬಟ್ಟೆ. ಈ ಕೂಡುಕುಟುಂಬದಲ್ಲಿ ಕೈಕೊಡುವವನು ನಡುವಿನವನು. ಫೋಮು ಪಾಲಿಯುರೆಥೇನಿನದು, 1937ರಲ್ಲಿ ಜರ್ಮನಿಯ ಒಟ್ಟೊ ಬೇಯರ್ ಹುಟ್ಟುಹಾಕಿದ ವಂಶದ್ದು. ಬೇಸಿಗೆಯ ಬಿಸಿಲಲ್ಲಿ ಗಾಜು ಏರಿಸಿ ನಿಲ್ಲಿಸಿದ ಗಾಡಿಯೊಳಗೆ ಕಾವು 60 ಡಿಗ್ರಿ ಮುಟ್ಟುತ್ತದೆ. ಆ ಕಾವೂ ಗಾಳಿಯ ತೇವವೂ ಸೇರಿ ವರ್ಷಗಟ್ಟಲೆ ಕಾಡಿದರೆ ಫೋಮಿನ ಅಣುಸರಪಳಿ ಕಡಿದು ಅದು ಹುರಿಗಡಲೆ ಹಿಟ್ಟಿನಂತೆ ಉದುರುತ್ತದೆ. ಬಟ್ಟೆ ಗಟ್ಟಿಯಾಗಿದೆ, ರಟ್ಟೂ ಗಟ್ಟಿಯಾಗಿದೆ, ಇಬ್ಬರನ್ನೂ ಹಿಡಿದುಕೊಂಡಿದ್ದವನು ಮಾತ್ರ ಇಲ್ಲ. ಆಗ ಬಟ್ಟೆ ಹಸುವಿನ ಗಂಗೆದೊಗಲಿನ ಹಾಗೆ ಜೋಲುತ್ತದೆ, ಕಿಟಕಿ ಇಳಿಸಿದರೆ ಪಟಪಟನೆ ಹೊಡೆದುಕೊಳ್ಳುತ್ತದೆ, ಹಿಂಬದಿ ನೋಡುವ ಕನ್ನಡಿಗೆ ತೆರೆ ಎಳೆಯುತ್ತದೆ, ಇಸ್ತ್ರಿ ಮಾಡಿದ ಅಂಗಿಯ ಹೆಗಲಿಗೆ ಕಂದು ಪುಡಿಯ ಅಕ್ಷತೆ ಹಾಕುತ್ತದೆ.

ಕನ್ನಡಿಗೆ ಅಡ್ಡ ಬಂದಮೇಲೆ ಸರಿಮಾಡಲೇಬೇಕಲ್ಲ, ಇದು ಜೀವದ ಪ್ರಶ್ನೆ ಎಂದು ಮಹಾಶಯನ ಪರವಾಗಿ ಯಾರಾದರೂ ಹೇಳಬಹುದು. ಒಪ್ಪಿದೆ. ಅದಕ್ಕೆಂದೇ ಸುರುಳಿ ಪಿನ್ನುಗಳು ಸಿಗುತ್ತವೆ. ತಿರುಪಿದರೆ ರಟ್ಟಿಗೆ ಕಚ್ಚಿ ಬಟ್ಟೆಯನ್ನು ಎತ್ತಿ ಹಿಡಿಯುತ್ತವೆ. ಚಹಾ ಆರುವಷ್ಟರಲ್ಲಿ ಕೆಲಸ ಮುಗಿಯುತ್ತದೆ. ಜೀವದ ಪ್ರಶ್ನೆಯೇ ಆಗಿದ್ದರೆ ಕಥೆ ಅಲ್ಲಿಗೆ ನಿಲ್ಲಬೇಕಿತ್ತು. ನಿಲ್ಲುವುದಿಲ್ಲ, ಏಕೆಂದರೆ ಆ ಹೊತ್ತಿಗೆ ಈತ ಬಟ್ಟೆ ಆರಿಸುವುದಕ್ಕೆ ಕೂತಿರುತ್ತಾನೆ. ಜಿಂಕೆಚರ್ಮದ ಹಾಗೆ ಮೆತ್ತಗಿರುವ ಕಪ್ಪು ಬಟ್ಟೆಯೋ, ಬೇಟೆಗಾರರ ಎಲೆಮಚ್ಚೆಯದೋ, ಮೆಕ್ಸಿಕೋದ ಸಾಲ್ಟಿಯೋ ಊರಿನ ಹೆಸರು ಹೊತ್ತ ಪಟ್ಟೆಪಟ್ಟೆಯ ಸೆರಾಪೆ ಕಂಬಳಿಯೋ? ಮಗಳ ಮದುವೆಗೂ ಇಷ್ಟು ತುಂಡುಗಳನ್ನು ಬೆಳಕಿಗೆ ಹಿಡಿದು ನೋಡಿರಲಾರ. ಇಷ್ಟಕ್ಕೂ ಗಾಡಿಯೊಳಗಿನ ಬಟ್ಟೆಗೆ ಬೆಂಕಿ ತಗುಲಿದರೆ ಅದು ನಿಮಿಷಕ್ಕೆ 102 ಮಿಲಿಮೀಟರಿಗಿಂತ ವೇಗವಾಗಿ ಹಬ್ಬಕೂಡದೆಂದು ಅಮೆರಿಕದ ಕಾನೂನು 1972ರಿಂದ ತಯಾರಕರಿಗೆ ತಾಕೀತು ಮಾಡಿದೆ. ಕಂಬಳಿಯನ್ನು ಸೂರಿಗೆ ಅಂಟಿಸುವ ಭರದಲ್ಲಿ ಈತ ಆ ಲೆಕ್ಕ ಕೇಳಿದ್ದುಂಟೇ? ಮಾರುವಾಗ ಬೆಲೆ ಬರುತ್ತದೆ ಎಂಬ ಇನ್ನೊಂದು ಸಮರ್ಥನೆಯನ್ನು ಒಂದೇ ಮಾತಿನಲ್ಲಿ ಮುಗಿಸಬಹುದು: ಕೊಳ್ಳುವವನು ಬಾನೆಟ್ ಎತ್ತಿ, ಬಗ್ಗಿ ಅಡಿಯನ್ನು ನೋಡುತ್ತಾನೆ, ಮೇಲ್ಕಟ್ಟಿಗೆ ಮನಸೋತು ಚೆಕ್ ಬರೆಯುವುದಿಲ್ಲ. ಉಳಿದದ್ದು ನಮ್ಮದೇ ಗಾದೆ, ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು. ಇದು ಸ್ವಲ್ಪ ಗಟ್ಟಿ ಆಕ್ಷೇಪ. ಆದರೆ ಜುಟ್ಟಿನ ಮಲ್ಲಿಗೆ ಬೀದಿಯವರಿಗೆ ಕಾಣುತ್ತದೆ, ಘಮವೂ ಹೋಗುತ್ತದೆ. ಶೋಕಿಯೇ ಬೇಕಿದ್ದರೆ ಚಕ್ರಕ್ಕೆ ಹೊಳಪಿನ ಅಲಾಯ್ ಇದೆ, ಬಾಗಿಲಿಗೆ ಬಣ್ಣವಿದೆ. ಸೂರಿನ ಒಳಮೈ ಬೀದಿಗೆ ಕಾಣದು.

ಪಕ್ಕದಲ್ಲಿ ಕೂತವರಿಗೆ ಕಾಣುತ್ತದಲ್ಲ ಎನ್ನಬಹುದು. ಕಾಣುತ್ತದೆ, ಕಾಣದೆ ಬಿಡುವುದಿಲ್ಲ. ಈ ಪಂಗಡದವರ ಸಹಿಸಲಾಗದ ಗುಣವೇ ಇದು, ನನ್ನ ವಾದಕ್ಕೆ ಸಿಕ್ಕ ಒಳ್ಳೆಯ ಸಾಕ್ಷಿಯೂ ಇದೇ. ವಿಮಾನ ನಿಲ್ದಾಣಕ್ಕೆ ಬಿಡುತ್ತೇನೆಂದು ಹತ್ತಿಸಿಕೊಂಡವನನ್ನು ಮಹಾಶಯ ಮೊದಲ ತಿರುವಿನಲ್ಲೇ "ಮೇಲೆ ನೋಡಿದಿರಾ?" ಎಂದು ಕೇಳುತ್ತಾನೆ. ಹತ್ತಿದವನು ನೋಡುತ್ತಾನೆ, ಚೆನ್ನಾಗಿದೆ ಎನ್ನುತ್ತಾನೆ. ಅಷ್ಟು ಸಾಲದು. ಕೈಯಿಟ್ಟು ನೋಡಬೇಕು. ದೀಪದ ಸುತ್ತ ಒಂದಾದರೂ ಸುಕ್ಕಿದೆಯೇ ಹೇಳಬೇಕು. ಪಟ್ಟೆಗಳು ಗಾಜಿಗೆ ನೇರವಾಗಿವೆಯೇ, ಅರ್ಧ ಬೆರಳು ಓರೆಯೇ, ಅದಕ್ಕೂ ಅಭಿಪ್ರಾಯ ಬೇಕು. ಕತ್ತು ಹಿಂದಕ್ಕೆ ಮಡಚಿ, ಬಾಯಿ ಅರ್ಧ ತೆರೆದು, ಹಲ್ಲಿನ ಡಾಕ್ಟರ ಕುರ್ಚಿಯಲ್ಲಿ ಕೂತಂತೆ ಆ ಬಡಪಾಯಿ ಮೆಚ್ಚುತ್ತಲೇ ಇರುವಾಗ ಗಾಡಿ ಹೆದ್ದಾರಿಯ ಏರು ಹತ್ತುತ್ತದೆ. ಈ "ಮೇಲೆ ನೋಡಿ" ಬರುವ ಗಳಿಗೆಗಳನ್ನು ಲೆಕ್ಕವಿಟ್ಟರೆ ಒಂದು ವಿಷಯ ಹೊಳೆಯುತ್ತದೆ. ಸಮತಟ್ಟಿನ ರಸ್ತೆಯಲ್ಲಿ ಅವನು ಹವಾಮಾನ ಮಾತಾಡುತ್ತಾನೆ. ಗೇರು ತೊದಲುವ ಜಾಗದಲ್ಲಿ, ಅಡಿಯಿಂದ ಕಟಕಟ ಕೇಳುವ ಜಾಗದಲ್ಲಿ ಮಾತ್ರ ಸೂರಿನ ವಿಚಾರ ತೆಗೆಯುತ್ತಾನೆ. ಕೂತವನ ಕಣ್ಣು ಮೇಲಿದ್ದರೆ ಹಳದಿ ದೀಪ ಕಾಣದು. ಬಾಯಲ್ಲಿ ಹೊಗಳಿಕೆ ಇದ್ದರೆ ಇದೇನು ಸದ್ದು ಎಂಬ ಪ್ರಶ್ನೆಗೆ ಎಡೆಯಿಲ್ಲ. ಅವನಿಗೆ ಬೇಕಾದದ್ದು ಮೆಚ್ಚುಗೆಯಲ್ಲ, ಅರ್ಧ ಮೈಲಿಯ ಮೌನ.

ಇಷ್ಟು ಬಯ್ದಮೇಲೆ ಒಂದನ್ನು ಒಪ್ಪಿಕೊಳ್ಳಬೇಕು: ಹಾಗೆ ತಪ್ಪಿಸಿಕೊಂಡು ಅವನು ಮಾಡುವ ಕೆಲಸ ಚೊಕ್ಕ ಕೆಲಸ. ಬಿಸಿಲುತಡೆ ಪಟ್ಟಿ, ದೀಪ, ಕಂಬದ ಹೊದಿಕೆಗಳನ್ನು ಬಿಚ್ಚಬೇಕು. ಪ್ಲಾಸ್ಟಿಕ್ ಕ್ಲಿಪ್ಪುಗಳಲ್ಲಿ ನಾಲ್ಕಾದರೂ ಮುರಿಯಬೇಕು, ಅದು ಸಂಪ್ರದಾಯ. ರಟ್ಟನ್ನು ಬಾಗಿಸಿ, ಆದರೆ ಮಡಿಕೆ ಬೀಳದಂತೆ, ಬಾಗಿಲಿನಿಂದ ಹೊರಗೆಳೆಯಬೇಕು. ಹಳೆಯ ಫೋಮಿನ ಪುಡಿಯನ್ನು ಮೆದು ಬ್ರಷ್ಷಿನಿಂದ ತಾಳ್ಮೆಯಾಗಿ ಉಜ್ಜಬೇಕು; ಒಂದು ಕಾಳಷ್ಟು ಉಳಿದರೂ ಹೊಸ ಅಂಟು ಹಿಡಿಯುವುದು ರಟ್ಟನ್ನಲ್ಲ, ಆ ಪುಡಿಯನ್ನು. ಶಾಖ ತಡೆಯುವ ಅಂಟನ್ನು ಎರಡೂ ಕಡೆ ಸಿಂಪಡಿಸಿ, ಬೆರಳಿಗೆ ತಾಗಿಯೂ ತಾಗದಷ್ಟು ಒಣಗಲು ಬಿಟ್ಟು, ಬಟ್ಟೆಯನ್ನು ನಡುವಿನಿಂದ ಅಂಚಿಗೆ ಅಂಗೈಯಲ್ಲಿ ಸವರುತ್ತ ಕೂರಿಸಬೇಕು. ತಗ್ಗುಗಳಲ್ಲಿ ಎಳೆದರೆ ಬಟ್ಟೆ ಸೇತುವೆಯಾಗಿ ನಿಲ್ಲುತ್ತದೆ, ಮುಂದಿನ ಬೇಸಿಗೆಗೆ ಅಲ್ಲಿಂದಲೇ ಕೀಳುತ್ತದೆ. ಮಗುವಿನ ಬೆನ್ನಿಗೆ ಎಣ್ಣೆ ಹಚ್ಚುವಾಗಿನ ಕೈ ಇರಬೇಕು. ಗೇರ್‌ಬಾಕ್ಸ್ ಈ ಸಲಿಗೆ ಕೊಡುವುದಿಲ್ಲ. ಅದಕ್ಕೆ ಗಾಡಿ ಎತ್ತುವ ಲಿಫ್ಟ್ ಬೇಕು, ಸಾವಿರಾರು ಡಾಲರ್ ಬೇಕು, ಬಿಚ್ಚಿದಮೇಲೆ ಇನ್ನೇನು ಹೊರಬೀಳುವುದೋ ಎಂಬ ಸುದ್ದಿ ಕೇಳುವ ಗುಂಡಿಗೆ ಬೇಕು. ಮೇಲ್ಕಟ್ಟು ಹಾಗಲ್ಲ. ಶನಿವಾರ ಶುರುವಾದದ್ದು ಮಾರನೆಯ ವಾರದ ಭಾನುವಾರಕ್ಕೆ ಮುಗಿದೇ ಮುಗಿಯುತ್ತದೆ. ಬ್ಯಾಂಕಿನ ಕಾಗದ ಪಕ್ಕಕ್ಕಿಟ್ಟು ಪುಸ್ತಕದ ಕಪಾಟು ಜೋಡಿಸುವವರು, ಲೇಖನ ಬರೆಯಬೇಕಾದ ದಿನ ಪೆನ್ನುಗಳನ್ನೆಲ್ಲ ತೊಳೆದಿಡುವವರು ಇವನನ್ನು ನೋಡಿ ನಗುವ ಮೊದಲು ಕೈಗೆ ಹತ್ತಿದ ಶಾಯಿ ಒರೆಸಿಕೊಳ್ಳಬೇಕು. ಆ ಎರಡನೆಯ ಗುಂಪಿನಲ್ಲಿ ಈ ಬರಹಗಾರನಿಗೂ ಕಾಯಂ ಸ್ಥಾನವಿದೆ.

ಇಷ್ಟಾದರೂ ಕೆಲಸಕ್ಕೊಂದು ಕೊನೆಯಿದೆ ಎನ್ನುವುದು ಪೂರ್ತಿ ನಿಜವಲ್ಲ. ಒಂದೇ ಸಾಲು ಸೀಟಿನ ಕ್ಯಾಬಿಗೆ 60 ಅಂಗುಲ ಅಗಲದ ಬಟ್ಟೆ ಎರಡು ಗಜ ತಂದರೆ ಸಾಕು. ಕತ್ತರಿಸಿ ಅಂಟಿಸಿದಮೇಲೂ ಒಂದು ತುಂಡು ಉಳಿಯುತ್ತದೆ. ಮಹಾಶಯ ಅದನ್ನು ಎಸೆಯುವವನಲ್ಲ. ಹೊಸ ಸೂರಿನ ಪಕ್ಕದಲ್ಲಿ ಬಿಸಿಲುತಡೆ ಪಟ್ಟಿಗಳ ಬೂದುಬಣ್ಣ ಈಗ ಕಣ್ಣಿಗೆ ಚುಚ್ಚುತ್ತಿದೆ. ಉಳಿದ ತುಂಡನ್ನು ಅವುಗಳ ಮೇಲೆ ಹರವಿ ನೋಡುತ್ತಾನೆ. ಎರಡಕ್ಕೂ ಸಾಲುವುದಿಲ್ಲ, ಇನ್ನರ್ಧ ಗಜ ತರಬೇಕು. ತರುವುದಾದರೆ ಒಂದು ಗಜವೇ ತಂದುಬಿಟ್ಟರೆ ಬಾಗಿಲುಗಳ ಒಳಮೈಗೂ ಆದೀತು. ಗೇರ್‌ಬಾಕ್ಸನ್ನು ದೀಪಾವಳಿ ಕಳೆದ ಮೇಲೆ ನೋಡಿದರಾಯಿತು ಎಂದು ನಾವು ಹೇಳುವ ಹಾಗೆ, ಆತ ಕ್ರಿಸ್‌ಮಸ್ ಕಳೆಯಲಿ ಎಂದು ಟೇಪು ಹಿಡಿದು ಬಾಗಿಲು ಅಳೆಯುತ್ತಾನೆ.