ಕಾಯ್ದೆ ಕಾಕಾ

ಕಾಯ್ದೆ ಕಾಕಾ ಎಲೆ ಹಿಡಿಯುವುದಿಲ್ಲ. ಹಿಡಿದ ಕಾಲವೊಂದಿತ್ತಂತೆ. ಆಗ ಮೂರು ಸುತ್ತಿಗೇ ಎಲ್ಲ ಕಳೆದುಕೊಂಡು ಎದ್ದು, ಉಳಿದವರ ಬೆನ್ನ ಹಿಂದೆ ನಿಂತು ಅವರ ತಪ್ಪು ಎಣಿಸತೊಡಗಿದರು. ಅಂದಿನಿಂದ ಇಂದಿನವರೆಗೆ ಕಾಕಾ ಆಟದ ಬಾಜೂಕ್ಕೆ ಕೂಡುವವರೇ ಹೊರತು ಆಟಕ್ಕೆ ಕೂಡುವವರಲ್ಲ.

ಇಂಥವರು ಒಬ್ಬರೇ ಅಲ್ಲ. ಮಾನ್ವಿಯಲ್ಲಿ ಅವರು ನಿವೃತ್ತ ಮಾಸ್ತರರಾಗಿರುತ್ತಾರೆ, ದೇವದುರ್ಗದಲ್ಲಿ ದಲಾಲಿ ಅಂಗಡಿಯ ಗುಮಾಸ್ತರಾಗಿರುತ್ತಾರೆ. ನಾನು ಬಲ್ಲವರು ರಾಯಚೂರಿನ ನಿವೃತ್ತ ಶಿರಸ್ತೇದಾರರು. ಮುಖ ಬೇರೆಯಾದರೂ ಮೂಗಿನ ತುದಿಗೆ ಜಾರಿದ ಕನ್ನಡಕ ಎಲ್ಲರಿಗೂ ಒಂದೇ. ‘ಹಂಗಲ್ಲ, ತಡೀರಿ’ ಎಂಬ ಮಾತೂ ಒಂದೇ.

ದೀಪಾವಳಿಗೆ ನಮ್ಮ ಮನೆಯ ಮಾಳಿಗೆ ಮೇಲೆ ಮೂರೂ ಊರಿನ ಬೀಗರು ಸೇರುತ್ತಾರೆ. ಜಮಖಾನೆ ಹಾಸಿ ಇಸ್ಪೀಟು ಬಿಚ್ಚಿದರೆಂದರೆ ಕಾಕಾ ಮೊದಲು ವಿಚಾರಿಸುವುದು ಎಲೆ ಎಷ್ಟು ಎಂದಲ್ಲ, ಪಣ ಏನು ಎಂದು. ದುಡ್ಡು ಎಂದರೆ ಕಾಕಾ ಎದ್ದರು. 1963ರ ಕರ್ನಾಟಕ ಪೊಲೀಸ್ ಕಾಯ್ದೆ ಅವರ ಜೊತೆ ಎದ್ದಿತು. ಅದಕ್ಕೇ ನಮ್ಮಲ್ಲಿ ಪಣ ಹುರಿದ ಶೇಂಗಾ, ಸಿಪ್ಪೆ ಸಮೇತ. ಹತ್ತು ಶೇಂಗಾಕ್ಕೆ ಒಂದು ಉತ್ತತ್ತಿ. ಅದೇ ರಾತ್ರಿ ತಿಂದು ಮುಗಿಯುವ ವಸ್ತು ಪಣವಾಗದು ಎಂದು ಕಾಕಾ ತಮ್ಮ ಸ್ವಂತ ಜವಾಬ್ದಾರಿಯ ಮೇಲೆ ತೀರ್ಪು ಕೊಟ್ಟಿದ್ದಾರೆ. ರಮ್ಮಿಯಾದರೆ ಇನ್ನೂ ನಿರಾಳ. ಅದು ಬುದ್ಧಿಯ ಆಟವೆಂದು ಸುಪ್ರೀಂ ಕೋರ್ಟು 1967ರಲ್ಲೇ ಹೇಳಿದೆ. ಸಿಕಂದರಾಬಾದಿನ ಒಂದು ಕ್ಲಬ್ಬಿನ ಪ್ರಕರಣ ಅದು; ಕಾಯ್ದೆ ಹೈದರಾಬಾದಿನದು, ಫಸಲಿ 1305ರದ್ದು. ‘ನಮ್ಮ ನಿಜಾಮನ ಕಾಯ್ದೇನ ಅದು’ ಎನ್ನುವಾಗ ಕಾಕಾನ ದನಿಯಲ್ಲಿ ತವರಿನ ಸುದ್ದಿ ಹೇಳುವ ಹೆಮ್ಮೆ. ಅದೇ ತೀರ್ಪಿನಲ್ಲಿ ಮೂರೆಲೆ ಆಟ ಬರೀ ಅದೃಷ್ಟದ್ದು ಎಂದಿರುವುದನ್ನು ಮಾನ್ವಿಯ ಮಾಮಾನ ಕಡೆ ನೋಡುತ್ತಲೇ ಹೇಳುತ್ತಾರೆ.

ಮೂರು ವರ್ಷದ ಹಿಂದೆ ಬೆಂಗಳೂರಿನಿಂದ ಬಂದ ಹುಡುಗ ಪೋಕರ್ ತಂದ. ನಾವು ಹೊಸ ಆಟ ಬಂತೆಂದು ಹಿಗ್ಗಿದರೆ ಕಾಕಾ ಹಿಗ್ಗಿದ್ದು ಬೇರೆ ಕಾರಣಕ್ಕೆ: ಆ ಆಟದ ಜೊತೆ ಅದರ ತಂಟೆಗಳಿಗೆಲ್ಲ ಬರೆದಿಟ್ಟ ನಿಯಮಾವಳಿಯೂ ಬಂದಿತ್ತು. ಟೂರ್ನಮೆಂಟ್ ನಡೆಸುವವರು 2001ರಲ್ಲಿ ಅಮೆರಿಕದಲ್ಲಿ ಒಂದು ಸಂಘ ಕಟ್ಟಿಕೊಂಡು, ಒಂದೊಂದು ಕ್ಲಬ್ಬಿಗೆ ಒಂದೊಂದು ರೀತಿ ಇದ್ದ ರೂಢಿಯನ್ನು ಒಂದು ಸಾಲಿಗೆ ತಂದರಂತೆ. ಕಾಕಾ ಅದನ್ನು ಝೆರಾಕ್ಸ್ ಮಾಡಿಸಿ, ಲ್ಯಾಮಿನೇಷನ್ ಹಾಕಿಸಿ, ಪಂಚಾಂಗದ ಪಕ್ಕ ಮೊಳೆಗೆ ತೂಗುಹಾಕಿದರು. ಪೋಕರನ್ನೂ ಬುದ್ಧಿಯ ಆಟವಾಗಿ ಆಡಿದರೆ ಪರವಾನಗಿ ಬೇಡವೆಂದು 2013ರಲ್ಲಿ ನಮ್ಮ ಹೈಕೋರ್ಟು ಹೇಳಿದ್ದನ್ನು ಹುಡುಕಿ ಹಿಡಿದರು. ಮೊಬೈಲಿನಲ್ಲಿ ದುಡ್ಡು ಕಟ್ಟಿ ಆಡುವುದನ್ನು 2025ರ ಆಗಸ್ಟಿನಲ್ಲಿ ಸಂಸತ್ತು ಮುಚ್ಚಿದಾಗ, ‘ಶೇಂಗಾಕ್ಕ ಅದು ಹತ್ತಂಗಿಲ್ಲ’ ಎಂದು ನಮಗೆ ಧೈರ್ಯ ತುಂಬಿದರು.

ಆ ನಿಯಮಗಳನ್ನು ಕಾಕಾ ಹೇಳುವ ವೈಖರಿಯೇ ಚೆಂದ. ಸರದಿ ಬರುವ ಮೊದಲೇ ಬಾಯಿ ಬಿಟ್ಟರೆ? ನಿನ್ನ ಸರದಿ ಬರುವತನಕ ನಡುವಿನವರು ಪಣ ಏರಿಸದಿದ್ದರೆ ನೀನು ಆಡಿದ ಮಾತು ನಿನ್ನ ಕೊರಳಿಗೆ; ಏರಿಸಿದರೆ ನೀನು ಪಾರು. ನಾಲ್ಕು ಶೇಂಗಾ ಇಡಬೇಕಾದಲ್ಲಿ ಮಾತಾಡದೆ ಒಂದು ಉತ್ತತ್ತಿ ಒಗೆದರೆ? ಅದು ನಾಲ್ಕಕ್ಕೇ ಲೆಕ್ಕ, ಏರಿಸಿದಂತಲ್ಲ. ಆರು ಶೇಂಗಾ ಚಿಲ್ಲರೆ ವಾಪಸು. ಒಬ್ಬನ ಎಲೆಗೆ ಒಬ್ಬನದೇ ಬುದ್ಧಿ, ಹಿಂದಿನಿಂದ ಹೇಳಿಕೊಡುವಂತಿಲ್ಲ. ಈ ಕೊನೆಯದನ್ನು ಕಾಕಾ ಎಲ್ಲರ ಎಲೆ ಇಣುಕಿ ನೋಡುತ್ತಲೇ ವಿವರಿಸುತ್ತಾರೆ.

ವಾದ ಬೆಳೆಯಿತೆಂದರೆ ಕಾಕಾ 1520ಕ್ಕೆ ಹೋಗುತ್ತಾರೆ. ರಾಯಚೂರಿನಲ್ಲಿ ಹುಟ್ಟಿದವನಿಗೆ ಅದು ಸಹಜ. ಕೃಷ್ಣೆ ತುಂಗಭದ್ರೆಯ ನಡುವಿನ ಈ ನೆಲ ತಲೆತಲಾಂತರ ನಡುವೆ ಸುರಿದ ಪಣದಂತೆ ಬಿದ್ದಿತ್ತು. ಒಮ್ಮೆ ಇವರು ಬಾಚಿಕೊಂಡರು, ಒಮ್ಮೆ ಅವರು. ಕುದುರೆ ತರಲೆಂದು ಕೃಷ್ಣದೇವರಾಯ ಒಬ್ಬ ವ್ಯಾಪಾರಿಗೆ ನಲವತ್ತು ಸಾವಿರ ವರಹ ಕೊಟ್ಟು ಗೋವೆಗೆ ಕಳಿಸಿದ, ಅವನು ದುಡ್ಡಿನ ಸಮೇತ ಆದಿಲ್‌ಶಾಹನ ಮಡಿಲಿಗೆ ಬಿದ್ದ ಎಂದು ಪೋರ್ಚುಗೀಸ್ ನೂನಿಜ್ ಬರೆದಿದ್ದಾನೆ. ಓಡಿಬಂದವರನ್ನು ಒಪ್ಪಿಸಬೇಕೆಂದು ಕರಾರು ಇತ್ತು. ಆದಿಲ್‌ಶಾಹ ಕಾಜಿಗಳನ್ನು ಕೇಳಿದ. ಅವನು ದೊಡ್ಡ ಮನೆತನದವ, ಕೊಡಬೇಡಿ ಎಂದರು. ಯುದ್ಧವಾಯಿತು. ‘ಬಾಜೂಕ್ಕ ಕುಂತವ ಛಲೋ ಇದ್ದಿದ್ರ ಕ್ವಾಟಿ ಮುಂದ ಅಷ್ಟು ಹೆಣ ಬೀಳ್ತಿದ್ದಿಲ್ಲ’ ಎಂಬುದು ಕಾಕಾನ ಷರಾ. ಇತಿಹಾಸದವರು ಒಪ್ಪಲಿಕ್ಕಿಲ್ಲ, ನಾವಂತೂ ಊಟದ ಹೊತ್ತು ಮೀರುತ್ತದೆಂದು ಒಪ್ಪಿದ್ದೇವೆ.

ಹೋದ ದೀಪಾವಳಿಯ ಪಾಡ್ಯದ ದಿನ ಕಾಕಾ ದೇವದುರ್ಗಕ್ಕೆ ಮಗಳ ಮನೆಗೆ ಹೋಗಿದ್ದರು. ದೊಡ್ಡ ತಂಟೆ ಹುಟ್ಟಬೇಕಾದ್ದು ಅಂದೇ. ಆಟದಲ್ಲಿ ಉಳಿದಿದ್ದವರು ಇಬ್ಬರು: ಮಾನ್ವಿಯ ಮಾಮಾ ಮತ್ತು ದೇವದುರ್ಗದ ಹೊಸ ಅಳಿಯ. ನಡುವೆ ಶೇಂಗಾ ಗುಡ್ಡ. ಸರದಿ ಅಳಿಯಂದು. ಅವರ ಕೈ ಎರಡು ಉತ್ತತ್ತಿಯನ್ನು ಮುಂದಕ್ಕೆ ತಳ್ಳಿತು. ಅದೇ ಗಳಿಗೆಗೆ ಬಾಯಿ ‘ಪ್ಯಾಕ್’ ಎಂದಿತು, ಎಂದರೆ ಆಟ ಬಿಟ್ಟಂತೆ. ಮಾಮಾ ಕೇಳಿದ್ದು ಕಿವಿಯಿಂದ. ಗೆದ್ದೆನೆಂದು ತಮ್ಮ ಎಲೆಗಳನ್ನು ಬಿಟ್ಟೆಲೆಗಳ ರಾಶಿಗೆ ಎಸೆದು, ಎರಡೂ ಕೈಯಿಂದ ಶೇಂಗಾ ಬಾಚಿಕೊಂಡರು.

‘ಮಾಮಾರ, ನಾ ಉತ್ತತ್ತಿ ಇಟ್ಟೀನಲ್ರಿ!’

‘ಪ್ಯಾಕ್ ಅಂದ್ರೆಲ್ಲ ಅಳಿಯಂದಿರ!’

‘ಅದು ಆಟಕ್ಕಲ್ರಿ. ಮುಂಜಾನಿ ಬಸ್ಸದ, ಬ್ಯಾಗ್ ಪ್ಯಾಕ್ ಮಾಡು ಅಂತ ಇಕಿಗಿ ಹೇಳ್ದೆ.’

ಇಕಿ ಬಾಗಿಲಲ್ಲಿ ನಿಂತಿದ್ದಳು. ಮುಂಜಾನೆ ಹೊರಡುವ ಸುದ್ದಿ ಅವಳಿಗೂ ಆಗಲೇ ತಿಳಿದದ್ದು. ಅವಳ ತಕರಾರು ಬೇರೆ ಶುರುವಾಯಿತು. ಬೆಂಗಳೂರಿನ ಹುಡುಗ ಲ್ಯಾಮಿನೇಷನ್ ಇಳಿಸಿ ಓದಿದ: ಮಾತು, ಕೈ ಎರಡರಲ್ಲಿ ಯಾವುದು ಮೊದಲೋ ಅದೇ ಆಟ, ಎರಡೂ ಒಮ್ಮೆಗೇ ಬಂದರೆ ಸ್ಪಷ್ಟ ಮಾತಿಗೆ ಬೆಲೆ. ಆದರೆ ಹೆಂಡತಿಗೆ ಆಡಿದ ಮಾತು ಸ್ಪಷ್ಟ ಮಾತು ಹೌದೋ ಅಲ್ಲವೋ ಎಂಬುದನ್ನು ಅಮೆರಿಕದವರು ಬರೆದಿರಲಿಲ್ಲ. ಇತ್ತ ಮಾಮಾನ ಎಲೆ ರಾಶಿಯಲ್ಲಿ ಬೆರೆತು ಸತ್ತಿತ್ತು. ಒಬ್ಬನ ಕೈ ಬಾಯಿಂದ ಸತ್ತದ್ದು, ಇನ್ನೊಬ್ಬನ ಕೈ ಕಿವಿಯಿಂದ.

ಕಾಕಾಗೆ ಫೋನು ಹಚ್ಚಿದೆವು. ಅವರು ವಾಪಸು ಬರುವ ಬಸ್ಸಿನಲ್ಲಿದ್ದರು. ಸ್ಪೀಕರ್ ಹಾಕಿ ಇಬ್ಬರ ಹೇಳಿಕೆ ಕೇಳಿದರು. ಕಂಡಕ್ಟರನೂ ಕೇಳಿಸಿಕೊಂಡು ತನ್ನದೊಂದು ಅಭಿಪ್ರಾಯ ಕೊಟ್ಟ. ಆಮೇಲೆ ಕಾಕಾ ಗಂಟಲು ಸರಿಮಾಡಿಕೊಂಡು, ‘ಬಾಯಿಂದ ಬಂದ ಮಾತಿಗೆ ಬೆಲಿ ಅದ. ಆದರ...’ ಎಂದರು. ಗಬ್ಬೂರಿನ ಹತ್ತಿರ ಎಲ್ಲೋ ನೆಟ್‌ವರ್ಕ್ ಹೋಯಿತು.

ಆ ‘ಆದರ’ದ ಮೇಲೆ ಒಂದು ತಾಸು ನಡೆಯಿತು. ‘ಆದರ’ ಎಂದ ಮೇಲೆ ಮಾತಿಗೆ ಬೆಲೆಯಿಲ್ಲ ಎಂದೇ ಅರ್ಥವೆಂದು ಅಳಿಯ. ಮಾತಿನ ಬೆಲೆ ಒಪ್ಪಿಯಾಯಿತು, ‘ಆದರ’ ಬರೀ ಕಾಕಾನ ಚಟವೆಂದು ಮಾಮಾ. ವಿವಾದದ ಶೇಂಗಾವನ್ನು ಬುಟ್ಟಿಯಲ್ಲಿ ಮುಚ್ಚಿ, ಮೇಲೆ ಒರಳಿನ ಗುಂಡು ಇಟ್ಟೆವು.

ರಾತ್ರಿ ಹನ್ನೊಂದಕ್ಕೆ ಕಾಕಾ ಬಂದರು. ಅವರ ಹೆಂಡತಿ ಕಾಕು ಕೆಳಗಿನಿಂದ ಊಟಕ್ಕೆ ಕರೆದರು. ಮನೆಯಲ್ಲಿ ಕಾಕುವಿನ ಮಾತಿಗೆ ಮೇಲ್ಮನವಿ ಇಲ್ಲ, ಆದರೂ ಅಂದು ಕಾಕಾ ಓಗೊಡಲಿಲ್ಲ. ಸಾಕ್ಷಿಗಳನ್ನು ಬೇರೆ ಬೇರೆ ಕರೆದರು. ಒಂದೊಂದು ಸಾಕ್ಷಿಗೂ ಬುಟ್ಟಿಗೆ ಕೈ ಹಾಕಿ ಎರಡು ಶೇಂಗಾ ಒಡೆದು ಬಾಯಿಗೆ ಹಾಕಿಕೊಂಡರು. ಅದು ಕೋರ್ಟ್ ಫೀ. ಏಳು ಸಾಕ್ಷಿ ಮುಗಿಯುವಾಗ ಗುಡ್ಡ ದಿಬ್ಬವಾಗಿತ್ತು.

ನಂತರ ನಿಯಮಾವಳಿಯ ಮೊಟ್ಟಮೊದಲ ಕಲಮು ತೆಗೆದರು: ಆಟದ ಹಿತ, ನ್ಯಾಯ ಇವೆರಡು ಮುಖ್ಯ, ಬೇಕಾದಾಗ ಅಕ್ಷರಕ್ಕಿಂತ ಅವೇ ಮೇಲು. ಅದರ ರಾಯಚೂರು ಭಾಷ್ಯ ಹೀಗೆ: ‘ಮೊದಲನೇ ದೀಪಾವಳಿಗೆ ಬಂದ ಅಳಿಯ ಸೋತ್ರ ನ್ಯಾಯ ಅಲ್ಲ. ಹಬ್ಬಕ್ಕ ಬಂದ ಮಾಮಾ ಸೋತ್ರ ಆಟದ ಹಿತ ಅಲ್ಲ. ಅರ್ಧ ಅರ್ಧ.’

ಎಣಿಸಿದರೆ ಮೂವತ್ತೊಂದು. ಅದಕ್ಕೂ ನಿಯಮ ಇತ್ತು: ಭಾಗವಾಗದೆ ಉಳಿದದ್ದು ಎಲೆ ಹಂಚಿದವನ ಎಡಕ್ಕೆ ಕೂತವನಿಗೆ. ಎಡಕ್ಕೆ ಕೂತವರು ಅಳಿಯಂದಿರು. ಮಾಮಾ ಮುಖ ಊದಿಸಿದರು. ಅಳಿಯ ದೊಡ್ಡ ಮನಸ್ಸು ಮಾಡಿ, ‘ಒಡೀರಿ ಕಾಕಾ, ಒಳಗಿಂದು ಒಂದೊಂದು ಕಾಳು ಹಂಚ್ಕೋತೀವಿ’ ಎಂದರು.

ಕಾಕಾ ಒಡೆದರು. ಒಳಗೆ ಮೂರು ಕಾಳು.

ಯಾರೂ ಉಸಿರೆತ್ತಲಿಲ್ಲ. ಕಾಕಾ ಕನ್ನಡಕವನ್ನು ಮೂಗಿನ ಮೇಲಕ್ಕೆ ಏರಿಸಿ, ಲುಂಗಿ ಸರಿಮಾಡಿಕೊಂಡು, ಚಕ್ಕಳಮಕ್ಕಳ ಹಾಕಿ ಹೊಸದಾಗಿ ಕೂತರು.

‘ಹಂಗಲ್ಲ, ತಡೀರಿ. ಮೊದಲ ನೀವು ಹೇಳ್ರಿ ಮಾಮಾರ.’